ನಾಟಿ ಕೋಳಿಯ ಹಳದಿ ಕಾಲಿನ ಗುಟ್ಟು ಸಹ್ಯಾದ್ರಿಯ ಹಕ್ಕಿಯಲ್ಲಿ: ಬೂದು ಕಾಡುಕೋಳಿ ಬಗ್ಗೆ ನಿಮಗೆಷ್ಟು ಗೊತ್ತು?

ಸಾಕು ಕೋಳಿಯ ಮೂಲ ಯಾವುದು ಎಂದರೆ ಕೆಂಪು ಕಾಡುಕೋಳಿ ಎಂಬ ಉತ್ತರ ಬರುತ್ತದೆ. ಆದರೆ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಘಟ್ಟಗಳಲ್ಲಿ ಕೂಗುವುದು ಅದಲ್ಲ, ಅದರ ದಾಯಾದಿ ಬೂದು ಕಾಡುಕೋಳಿ. ನಮ್ಮ ಕೋಳಿಗಳ ಮೈಯಲ್ಲಿ ಇದರ ಪಾಲೂ ಇದೆ.

ಮುಖ್ಯ ಪೂರ್ವಜ ಯಾರು?

ಜಗತ್ತಿನಲ್ಲಿರುವ ಕಾಡುಕೋಳಿ ಪ್ರಭೇದಗಳು ನಾಲ್ಕು: ಕೆಂಪು, ಬೂದು, ಶ್ರೀಲಂಕಾದ ಕಾಡುಕೋಳಿ ಮತ್ತು ಇಂಡೋನೇಷ್ಯಾದ ಹಸಿರು ಕಾಡುಕೋಳಿ. ಎಲ್ಲ ಸಾಕು ಕೋಳಿಗಳೂ ಕೆಂಪು ಕಾಡುಕೋಳಿಯಿಂದಲೇ ಬಂದವು ಎಂದು ಚಾರ್ಲ್ಸ್ ಡಾರ್ವಿನ್ ವಾದಿಸಿದ್ದರು. 2020ರಲ್ಲಿ 863 ಕೋಳಿಗಳ ವಂಶವಾಹಿ ಪರಿಶೀಲಿಸಿದ ಅಧ್ಯಯನವೂ ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಭಾಗದ ಕೆಂಪು ಕಾಡುಕೋಳಿಯ ಉಪಪ್ರಭೇದವನ್ನೇ ಮುಖ್ಯ ಮೂಲವೆಂದು ಗುರುತಿಸಿತು.

ಹಳದಿ ಬಣ್ಣ ಬಂದಿದ್ದು ಹೇಗೆ?

ಡಾರ್ವಿನ್ ಮಾತಿಗೆ ತಿದ್ದುಪಡಿ ಬಂದಿದ್ದು 2008ರಲ್ಲಿ. ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ, ಕೋಳಿಯ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ರೂಪ ಬಹುತೇಕ ಬೂದು ಕಾಡುಕೋಳಿಯಿಂದಲೇ ಬಂದಿದೆ ಎಂದು ತೋರಿಸಿತು. ಮೇವಿನಲ್ಲಿರುವ ಹಳದಿ ವರ್ಣದ್ರವ್ಯವನ್ನು ಒಡೆಯುವ ಒಂದು ಕಿಣ್ವ ಇಂಥ ಕೋಳಿಗಳ ಚರ್ಮದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಬಣ್ಣ ಕಾಲು, ಚರ್ಮದಲ್ಲೇ ಉಳಿಯುತ್ತದೆ. ಅಂದರೆ ಸಾಕು ಕೋಳಿ ಹಿಂದೆ ಎಂದೋ ಬೂದು ಕಾಡುಕೋಳಿಯ ಜತೆ ಕೂಡಿತ್ತು.

ಎಲ್ಲೆಲ್ಲಿದೆ?

ಬೂದು ಕಾಡುಕೋಳಿ ಭಾರತದಲ್ಲಿ ಮಾತ್ರ ಕಾಣುವ ಹಕ್ಕಿ. ದಕ್ಷಿಣದ ಘಟ್ಟಗಳಿಂದ ರಾಜಸ್ಥಾನದ ಮೌಂಟ್ ಅಬುವರೆಗೆ ಹರಡಿದೆ. ಕೆಂಪು ಕಾಡುಕೋಳಿಯ ನೆಲೆ ಹಿಮಾಲಯದ ತಪ್ಪಲು, ಈಶಾನ್ಯ ಮತ್ತು ಪೂರ್ವ-ಮಧ್ಯ ಭಾರತದ ಸಾಲ್ ಕಾಡು. ಪೂರ್ವ ಭಾಗದಲ್ಲಿ ಗೋದಾವರಿಯನ್ನು ಸ್ಥೂಲವಾಗಿ ಇವೆರಡರ ಗಡಿ ಎನ್ನಲಾಗುತ್ತದೆ. ಆದರೆ ಅದೇ ನದಿ ಹುಟ್ಟುವ ನಾಸಿಕ್‌ನ ತ್ರ್ಯಂಬಕೇಶ್ವರದ ಸುತ್ತ ಎರಡೂ ದಡ ಬೂದು ಕಾಡುಕೋಳಿಯ ಸೀಮೆಯೇ. ನದಿ ಪೂರ್ವಕ್ಕೆ ಹರಿದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ ತಲುಪುವ ಹೊತ್ತಿಗೆ ಮಳೆ ಕಡಿಮೆ, ಕುರುಚಲು ಕಾಡೇ ಹೆಚ್ಚು. ಕಾಡುಕೋಳಿಗೆ ಬೇಕಾದ ಪೊದೆಯ ಮರೆಯೂ ವಿರಳ. ಕರ್ನಾಟಕದಲ್ಲಿ ದಾಂಡೇಲಿ, ಭದ್ರಾ, ನಾಗರಹೊಳೆ, ಬಂಡೀಪುರ ಕಾಡುಗಳಲ್ಲಿ ಇದನ್ನು ನೋಡಬಹುದು.

ಗುರುತಿಸುವುದು ಹೇಗೆ?

ಹುಂಜದ ಮೈ ಬೂದು. ಕತ್ತಿನ ಕಪ್ಪು ಗರಿಗಳ ಮೇಲೆ ಮೇಣ ತೊಟ್ಟಿಕ್ಕಿದಂಥ ಹಳದಿ ಚುಕ್ಕೆಗಳು. ಹೇಂಟೆಯ ಎದೆ ಕಪ್ಪು-ಬಿಳುಪು. ನೆಲದ ಮೇಲೆ ಗೂಡು ಮಾಡಿ ಸಾಮಾನ್ಯವಾಗಿ 4ರಿಂದ 7 ಮೊಟ್ಟೆ ಇಡುತ್ತದೆ. ಫಾರಂ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆ ಇಡುವುದು ಮನುಷ್ಯನ ಆಯ್ಕೆಯ ಫಲ.

ಅಪಾಯವೇನು?

ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಸದ್ಯ ಅಳಿವಿನಂಚಿನ ಹಕ್ಕಿಯಲ್ಲ. ಆದರೂ ಮಾಂಸಕ್ಕಾಗಿ ಉರುಳು ಹಾಕುವುದು ನಿಂತಿಲ್ಲ. ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಕೃತಕ ನೊಣ ತಯಾರಿಸಲು ಇದರ ಕತ್ತಿನ ಗರಿ ಹಿಂದೆ ವಿದೇಶಕ್ಕೆ ಹೋಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದರ ಬೇಟೆ ಅಪರಾಧ.

ಕೆಂಪು ಕಾಡುಕೋಳಿಗೆ ಇನ್ನೊಂದು ಕಂಟಕವಿದೆ. ಕಾಡಂಚಿನ ಊರುಗಳ ಸಾಕು ಕೋಳಿಗಳ ಜತೆ ಅದು ಸುಲಭವಾಗಿ ಬೆರೆಯುವುದರಿಂದ ಶುದ್ಧ ಕಾಡು ತಳಿ ನಿಧಾನವಾಗಿ ಕರಗುತ್ತಿದೆ. ರೋಗ ತಡೆಯುವ, ಬಿಸಿಲು ತಾಳುವ ಹೊಸ ತಳಿ ಬೇಕೆಂದಾಗ ವಿಜ್ಞಾನಿಗಳು ಮರಳಿ ನೋಡಬೇಕಾದ್ದು ಈ ಕಾಡು ಹಕ್ಕಿಗಳನ್ನೇ. ಒಮ್ಮೆ ಬೆರೆತುಹೋದ ಮೂಲವನ್ನು ಫಾರಂನಲ್ಲಿ ಮತ್ತೆ ಹುಟ್ಟಿಸಲಾಗದು.