ಉತ್ತರಕ್ಕೆ ಹರಿಯುವ ಮಹಾನದಿ

ನದಿಯೊಂದು ದಕ್ಷಿಣದಿಂದ ಉತ್ತರಕ್ಕೆ ಹರಿದರೆ ಅದರಲ್ಲೇನು ವಿಶೇಷ ಎಂದು ಕೇಳಬಹುದು. ಶೀತವಲಯದಲ್ಲಿ ಅದು ವಿಶೇಷವೇ ಸರಿ. ಕೆನಡಾದ ಮೆಕೆಂಜಿ ನದಿ ಗ್ರೇಟ್ ಸ್ಲೇವ್ ಸರೋವರದಿಂದ ಹೊರಟು, ಸುಮಾರು 1,700 ಕಿ.ಮೀ. ಹರಿದು ಆರ್ಕ್ಟಿಕ್ ಸಾಗರವನ್ನು ಸೇರುತ್ತದೆ. ಪೀಸ್, ಅಥಾಬಾಸ್ಕ, ಲಿಯಾರ್ಡ್ ನದಿಗಳ ನೀರನ್ನೂ ಒಳಗೊಂಡ ಇದರ ಜಲಾನಯನ ಪ್ರದೇಶವು ಸುಮಾರು 18 ಲಕ್ಷ ಚದರ ಕಿ.ಮೀ., ಅಂದರೆ ಕೆನಡಾದ ಐದನೆಯ ಒಂದು ಪಾಲು. ವಸಂತದಲ್ಲಿ ದಕ್ಷಿಣದ ಮೇಲ್ಭಾಗದ ಹಿಮ ಮೊದಲು ಕರಗುತ್ತದೆ. ಉತ್ತರದ ಕೆಳಭಾಗ ಇನ್ನೂ ಹೆಪ್ಪುಗಟ್ಟಿರುತ್ತದೆ. ಒಡೆದು ತೇಲಿಬಂದ ಮಂಜುಗಡ್ಡೆಗಳು ಅಣೆಕಟ್ಟಿನಂತೆ ಅಡ್ಡನಿಂತು, ನೀರು ದಡದ ಊರುಗಳಿಗೆ ನುಗ್ಗುತ್ತದೆ. 2021ರ ಮೇ ತಿಂಗಳಲ್ಲಿ ಫೋರ್ಟ್ ಸಿಂಪ್ಸನ್ ಹೀಗೆಯೇ ಜಲಾವೃತವಾಯಿತು.

ಈ ನದಿಗೆ ಮೆಕೆಂಜಿ ಎಂಬ ಹೆಸರು ಬಂದುದು ಅಲೆಕ್ಸಾಂಡರ್ ಮೆಕೆಂಜಿಯಿಂದ. ನಾರ್ತ್ ವೆಸ್ಟ್ ಕಂಪನಿಯ ತುಪ್ಪಳ ವ್ಯಾಪಾರಿಯಾಗಿದ್ದ ಆತ 1789ರ ಜೂನ್ 3ರಂದು ಫೋರ್ಟ್ ಚಿಪೆವಯಾನ್‌ನಿಂದ ಮರದ ತೊಗಟೆಯ ದೋಣಿಯಲ್ಲಿ ಹೊರಟನು. ಅವನು ಅರಸಿದ್ದು ಪೆಸಿಫಿಕ್ ಸಾಗರದ ದಾರಿಯನ್ನು. ಜುಲೈನಲ್ಲಿ ತಲುಪಿದ್ದು ಆರ್ಕ್ಟಿಕ್ ತೀರವನ್ನು. ವ್ಯಾಪಾರಿಗಳು ‘ಇಂಗ್ಲಿಷ್ ಚೀಫ್’ ಎಂದು ಕರೆಯುತ್ತಿದ್ದ ಚಿಪೆವಯಾನ್ ಮುಖಂಡನು ಅವನಿಗೆ ದುಭಾಷಿಯಾಗಿದ್ದನು. ದಡದ ಜನರೂ ದಾರಿ ತೋರಿದರು. ಆ ದಡದ ಡೆನೆ ಜನರಲ್ಲಿ ನದಿಗೆ ಆಗಲೇ ‘ಡೆಹ್‌ಚೊ’ ಎಂಬ ಹೆಸರಿತ್ತು. ಅದರ ಅರ್ಥ ‘ದೊಡ್ಡ ನದಿ’. ನೂರು ದಿನಗಳ ಯಾತ್ರಿಕನ ಹೆಸರು ಭೂಪಟದಲ್ಲಿ ಉಳಿಯಿತು. ತಲೆತಲಾಂತರದಿಂದ ಬಾಳಿದವರ ಹೆಸರು ಮರೆಗೆ ಸರಿಯಿತು.

ಅವರ ಮಾತನ್ನು ಸರ್ಕಾರ ವಿಧಿವತ್ತಾಗಿ ಕೇಳಿದ್ದು ಸುಮಾರು ಎರಡು ಶತಮಾನಗಳ ಬಳಿಕ. ಈ ಕಣಿವೆಯಲ್ಲಿ ಅನಿಲದ ಕೊಳವೆಮಾರ್ಗ ಹಾಕುವ ಯೋಜನೆ ಬಂದಾಗ, 1974ರಲ್ಲಿ ನ್ಯಾಯಮೂರ್ತಿ ಥಾಮಸ್ ಬರ್ಜರ್ ಅವರನ್ನು ವಿಚಾರಣೆಗೆ ನೇಮಿಸಲಾಯಿತು. ಅವರು ರಾಜಧಾನಿಯಲ್ಲೇ ಕುಳಿತಿರದೆ 35 ಊರುಗಳಿಗೆ ತೆರಳಿ, ಬೇಟೆಗಾರರು, ಮೀನುಗಾರರು, ವೃದ್ಧೆಯರು ಆಡಿದ್ದನ್ನೆಲ್ಲ ಸಾಕ್ಷ್ಯವಾಗಿ ದಾಖಲಿಸಿದರು. ಮೂಲನಿವಾಸಿಗಳ ಭೂಹಕ್ಕು ಇತ್ಯರ್ಥವಾಗುವ ಸಲುವಾಗಿ ಯೋಜನೆಯನ್ನು ಹತ್ತು ವರ್ಷ ಮುಂದೂಡಬೇಕೆಂದು 1977ರಲ್ಲಿ ವರದಿಯಿತ್ತರು. ಮುಂದೆ 1984ರಲ್ಲಿ ಇನುವಿಯಾಲುಯಿಟ್, 1992ರಲ್ಲಿ ಗ್ವಿಚಿನ್ ಜನರೊಡನೆ ಭೂ ಒಪ್ಪಂದಗಳಾದವು. ಮರಳಿ ಬಂದ ಕೊಳವೆಮಾರ್ಗದ ಯೋಜನೆಯನ್ನು 2017ರಲ್ಲಿ ಕಂಪನಿಗಳೇ ಕೈಬಿಟ್ಟವು.

ಬರ್ಜರ್ ವರದಿಯ ಶೀರ್ಷಿಕೆಯಲ್ಲಿ ಉತ್ತರದ ನಾಡಿಗೆ ಎರಡು ಹೆಸರುಗಳಿವೆ: ಒಂದು ಗಡಿನಾಡು, ಇನ್ನೊಂದು ತಾಯ್ನಾಡು. ಹೊರಗಿನಿಂದ ಹೋದವನಿಗೆ ಅದು ಮೊದಲನೆಯದು, ಅಲ್ಲಿ ಹುಟ್ಟಿದವನಿಗೆ ಎರಡನೆಯದು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಾವೇ ಉಪಾಧ್ಯಾಯರಾಗಿದ್ದೀರಿ. ಮಕ್ಕಳಿಗೆ ಭೂಪಟದಲ್ಲಿ ಈ ನೀಲಿ ಗೆರೆಯನ್ನು ತೋರಿಸುವಾಗ ಮೆಕೆಂಜಿಯ ಜೊತೆಗೆ ಡೆಹ್‌ಚೊ ಎಂಬ ಹೆಸರನ್ನೂ ದಯವಿಟ್ಟು ಹೇಳಿಕೊಡಿ.