ಅಂಗಡಿಗೆ 27 ಇಂಚಿನ ಆಲ್-ಇನ್-ಒನ್ ಕಂಪ್ಯೂಟರ್: ತಗೊಳ್ಳೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮೆಡಿಕಲ್ ಶಾಪ್, ಹಾರ್ಡ್‌ವೇರ್ ಅಂಗಡಿ, ಜೆರಾಕ್ಸ್ ಸೆಂಟರ್, ಫೋಟೋ ಸ್ಟುಡಿಯೋ... ಈಗ ಯಾರ ಕೌಂಟರ್ ನೋಡಿದರೂ ಕಂಪ್ಯೂಟರ್ ಬೇಕೇ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಳೇ ಮಷಿನ್ ಬದಲಿಸೋ ಯೋಚನೆ ಹಲವರಿಗೆ ಬಂದಿದೆ. ಆಗ ಶೋರೂಮ್‌ನಲ್ಲಿ ಕಣ್ಣಿಗೆ ಬೀಳೋದು ದೊಡ್ಡ ಟಿವಿಯಂತೆ ಕಾಣುವ ಆಲ್-ಇನ್-ಒನ್. ನೋಡೋಕೆ ಚೆಂದ ಇದೆ, ಸರಿ. ಆದರೆ ನಮ್ಮ ಊರಿನ ಕರೆಂಟ್, ಧೂಳು, ರಿಪೇರಿ ಸೌಲಭ್ಯಕ್ಕೆ ಹೊಂದುತ್ತಾ?

ಏನಿದು ಆಲ್-ಇನ್-ಒನ್?

ಸಿಪಿಯು ಡಬ್ಬ ಬೇರೆ, ಮಾನಿಟರ್ ಬೇರೆ ಇರೋದು ಹಳೇ ಪದ್ಧತಿ. ಇದರಲ್ಲಿ ಮದರ್‌ಬೋರ್ಡ್, ಸ್ಪೀಕರ್, ಕ್ಯಾಮೆರಾ, ವೈಫೈ ಎಲ್ಲವೂ ಸ್ಕ್ರೀನ್ ಹಿಂದೆಯೇ ಕೂತಿರುತ್ತೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಇರೋದು ಲ್ಯಾಪ್‌ಟಾಪ್ ಜಾತಿಯ ಪ್ರೊಸೆಸರ್. ಆದರೆ ಲ್ಯಾಪ್‌ಟಾಪ್‌ನಂತೆ ಬ್ಯಾಟರಿ ಇದೆ ಅಂದ್ಕೋಬೇಡಿ. ಸಾಮಾನ್ಯವಾಗಿ ಇರೋದಿಲ್ಲ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದ ತಕ್ಷಣ ಬಿಲ್ ಅರ್ಧಕ್ಕೇ ನಿಲ್ಲುತ್ತೆ.

ಅನುಕೂಲಗಳು

ಜಾಗ ಉಳಿತಾಯ: ಕೌಂಟರ್ ಕೆಳಗೆ ಡಬ್ಬ ಇಡಬೇಕಿಲ್ಲ, ವೈರ್‌ಗಳ ಗೋಜಲಿಲ್ಲ. ಕಸ ಗುಡಿಸುವಾಗ ಕಾಲು ತಾಗಿ ವೈರ್ ಕಿತ್ತು ಬರೋ ಸಮಸ್ಯೆಯೂ ಕಡಿಮೆ.

ಕರೆಂಟ್ ಕಡಿಮೆ: ಪ್ರೊಸೆಸರ್ ಕಡಿಮೆ ವಿದ್ಯುತ್ ತಿನ್ನೋದರಿಂದ ಸಣ್ಣ ಯುಪಿಎಸ್ ಕೂಡ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತೆ. ಲೋಡ್ ಶೆಡ್ಡಿಂಗ್ ಇರೋ ಕಡೆ ಇದು ನಿಜವಾದ ಲಾಭ.

ದೊಡ್ಡ ಪರದೆ: ಒಂದು ಕಡೆ ಟ್ಯಾಲಿ, ಇನ್ನೊಂದು ಕಡೆ ಜಿಎಸ್‌ಟಿ ಪೋರ್ಟಲ್ ತೆರೆದಿಟ್ಟು ತಾಳೆ ನೋಡಬಹುದು. ನುಡಿಯಲ್ಲಿ ಟೈಪ್ ಮಾಡೋರಿಗೆ, ಮದುವೆ ಕಾರ್ಡ್, ಬ್ಯಾನರ್ ಡಿಸೈನ್ ಮಾಡೋರಿಗೆ, ಕನ್ನಡಕ ಹಾಕೋ ವಯಸ್ಸಿನವರಿಗೆ ಕಣ್ಣಿಗೆ ಆರಾಮ.

ಅನನುಕೂಲಗಳು

ಒಂದು ಕೆಟ್ಟರೆ ಎಲ್ಲಾ ಬಂದ್: ಯೋಚಿಸಬೇಕಾದ ದೊಡ್ಡ ವಿಷಯ ಇದೇ. ಹಳೇ ಪದ್ಧತಿಯಲ್ಲಿ ಮಾನಿಟರ್ ಹೋದರೆ ಪಕ್ಕದ ಅಂಗಡಿಯಿಂದ ಒಂದು ತಂದು ಸಂಜೆವರೆಗೆ ದೂಡಬಹುದು. ಎಸ್‌ಎಂಪಿಎಸ್ ಸುಟ್ಟರೆ ತಾಲೂಕು ಕೇಂದ್ರದಲ್ಲೇ ಸಿಗುತ್ತೆ. ಆಲ್-ಇನ್-ಒನ್‌ನಲ್ಲಿ ಮದರ್‌ಬೋರ್ಡ್ ಆಯಾ ಮಾಡೆಲ್‌ಗೇ ಮಾಡಿದ್ದು. ಬೆಂಗಳೂರಿನ ಎಸ್‌ಪಿ ರಸ್ತೆ ಸುತ್ತಿದರೂ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ದೀಪಾವಳಿ ಹಿಂದಿನ ದಿನ ಹೀಗಾದರೆ ಕೈಬರಹದ ಬಿಲ್ಲೇ ಗತಿ. ಮಷಿನ್ ಸರ್ವಿಸ್‌ಗೆ ಹೋದರೆ ಲೆಕ್ಕವೂ ಅದರ ಜೊತೆಗೇ ಹೋಗುತ್ತೆ. ಹಾಗಾಗಿ ದಿನಾ ಸಂಜೆ ಪೆನ್‌ಡ್ರೈವ್‌ಗೆ ಬ್ಯಾಕಪ್ ತಗೊಳ್ಳೋದು ಕಡ್ಡಾಯ ಅಂದ್ಕೊಳ್ಳಿ.

ಸ್ಕ್ರೀನ್ ಮರುಬಳಕೆ ಕಷ್ಟ: ಬಹುಪಾಲು ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಔಟ್ ಇರುತ್ತೆ, ಇನ್ ಇರಲ್ಲ. ಒಳಗಿನ ಬೋರ್ಡ್ ಸತ್ತರೆ ಚೆನ್ನಾಗಿರೋ ಸ್ಕ್ರೀನ್ ಕೂಡ ಗುಜರಿಗೆ.

ಹಳೇ ಸಾಮಾನು ಹೊಂದಲ್ಲ: ತೂಕದ ಯಂತ್ರದ ಸೀರಿಯಲ್ ಪೋರ್ಟ್, ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ದಪ್ಪ ಕೇಬಲ್ ನೇರವಾಗಿ ಕೂರೋದಿಲ್ಲ, ಯುಎಸ್‌ಬಿ ಕನ್ವರ್ಟರ್ ಬೇಕು. ಸಿಡಿ ಡ್ರೈವ್ ಸಾಮಾನ್ಯವಾಗಿ ಇರಲ್ಲ. ಸ್ಟುಡಿಯೋದವರು ಗಮನಿಸಿ.

ಪರದೆ ಎಲ್ಲರಿಗೂ ಕಾಣುತ್ತೆ: ಆನ್‌ಲೈನ್ ಸೆಂಟರ್‌ಗಳಲ್ಲಿ ಗ್ರಾಹಕರ ಆಧಾರ್ ನಂಬರ್, ಪಾಸ್‌ಬುಕ್ ವಿವರ ಸಾಲಲ್ಲಿ ನಿಂತವರ ಕಣ್ಣಿಗೂ ಬೀಳುತ್ತೆ. ಸ್ಕ್ರೀನ್ ಗೋಡೆ ಕಡೆ ತಿರುಗೋ ಹಾಗೆ ಇಡಬೇಕು.

24 ಸಾಕಾ, 27 ಬೇಕಾ?

27 ಇಂಚು ಅನ್ನೋದು ಮೂಲೆಯಿಂದ ಮೂಲೆಗೆ ಅಳತೆ. ಅಗಲ ಸುಮಾರು 60 ಸೆಂ.ಮೀ., ಅಂದರೆ ಹತ್ತಿರ ಹತ್ತಿರ 2 ಅಡಿ. ಕೂತವರಿಗೂ ಸ್ಕ್ರೀನ್‌ಗೂ ಎರಡೂವರೆ ಅಡಿ ಅಂತರ ಇದ್ದರೆ ಒಳ್ಳೇದು. ಒಂದೂವರೆ ಅಡಿ ಅಗಲದ ಕೌಂಟರ್ ಆದರೆ ಕುತ್ತಿಗೆ ತಿರುಗಿಸಿ ತಿರುಗಿಸಿ ಸಾಕಾಗುತ್ತೆ.

ಇನ್ನೊಂದು ವಿಷಯ. ಸ್ಕ್ರೀನ್ ದೊಡ್ಡದು ಅಂದ ಮಾತ್ರಕ್ಕೆ ಹೆಚ್ಚು ಕಾಣಲ್ಲ. ಫುಲ್ ಎಚ್‌ಡಿ ಅಂದರೆ 1920×1080 ಚುಕ್ಕೆಗಳು. 24 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕೆ ಬಂದರೆ, 27 ಇಂಚಿನಲ್ಲಿ 82 ಮಾತ್ರ. ಅಕ್ಷರ ದಪ್ಪ ಕಾಣುತ್ತೆ, ಆದರೆ ನುಣುಪು ಕಡಿಮೆ. ಡಿಸೈನ್ ಕೆಲಸಕ್ಕೆ 2560×1440 ಇರೋದನ್ನೇ ಕೇಳಿ. ಬರೀ ಬಿಲ್ಲಿಂಗ್‌ಗೆ 24 ಇಂಚು ಧಾರಾಳ.

ಸೆಕೆಂಡ್ ಹ್ಯಾಂಡ್ ಆಸೆ

ಕಡಿಮೆ ರೇಟಿಗೆ ಹಳೇ ಆಲ್-ಇನ್-ಒನ್ ಸಿಗುತ್ತೆ ಅಂತ ಮುಗಿಬೀಳಬೇಡಿ. ಇಂಟೆಲ್ ಪ್ರೊಸೆಸರ್ ಇದ್ದರೆ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮೇಲಿನದ್ದಕ್ಕೆ ಮಾತ್ರ ವಿಂಡೋಸ್ 11ರ ಅಧಿಕೃತ ಬೆಂಬಲ. ಆಪಲ್‌ನ 27 ಇಂಚಿನ ಐಮ್ಯಾಕ್ ಕೂಡ ಕೆಲವೆಡೆ ಸಿಗುತ್ತೆ. ಅದರ ಮಾರಾಟವನ್ನು ಕಂಪನಿ 2022ರಲ್ಲೇ ನಿಲ್ಲಿಸಿದೆ. ಸ್ಕ್ರೀನ್ ಬಗ್ಗೆ ಎರಡು ಮಾತಿಲ್ಲ, ಆದರೆ ಟ್ಯಾಲಿ ವಿಂಡೋಸ್‌ನ ಸಾಫ್ಟ್‌ವೇರ್, ಮ್ಯಾಕ್‌ನಲ್ಲಿ ನೇರವಾಗಿ ಓಡಲ್ಲ.

ತೆರಿಗೆ ಲೆಕ್ಕ

ಕಂಪ್ಯೂಟರ್‌ಗೆ ಜಿಎಸ್‌ಟಿ ಶೇ 18. ತೆರಿಗೆ ಬಿಟ್ಟು ಬೆಲೆ 60,000 ರೂ. ಅಂದ್ಕೊಳ್ಳಿ, ತೆರಿಗೆಯೇ 10,800 ರೂ. ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿದರೆ ವ್ಯಾಪಾರಕ್ಕೆ ತಗೊಂಡ ಮಷಿನ್‌ನ ಈ ಮೊತ್ತವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೋಸಿಷನ್ ಸ್ಕೀಮ್‌ನಲ್ಲಿ ಇರೋರಿಗೆ ಇದು ಸಿಗಲ್ಲ.

ಅಂಗಡಿಯವರನ್ನ ಕೇಳಬೇಕಾದ್ದು

1. ವಾರಂಟಿ ಆನ್‌ಸೈಟಾ? ಇಂಜಿನಿಯರ್ ನಮ್ಮ ಪಿನ್‌ಕೋಡ್‌ಗೆ ಬರ್ತಾರಾ?
2. ರ‍್ಯಾಮ್ ಆಮೇಲೆ ಹೆಚ್ಚಿಸಬಹುದಾ, ಇಲ್ಲಾ ಬೋರ್ಡ್‌ಗೇ ಅಂಟಿಸಿದ್ದಾರಾ?
3. ಎಸ್‌ಎಸ್‌ಡಿ ಇದೆಯಾ? ಬರೀ ಹಾರ್ಡ್ ಡಿಸ್ಕ್ ಆದರೆ ಬೇಡ.
4. ಯುಎಸ್‌ಬಿ ಪೋರ್ಟ್ ಎಷ್ಟು? ಪ್ರಿಂಟರ್, ಬಯೋಮೆಟ್ರಿಕ್, ಬಾರ್‌ಕೋಡ್ ಸ್ಕ್ಯಾನರ್, ಪೆನ್‌ಡ್ರೈವ್ ಎಲ್ಲಕ್ಕೂ ಸಾಕಾ?

ಕೊನೆಗೆ ಯಾರಿಗೆ ಯಾವುದು?

ಕೌಂಟರ್ ಚಿಕ್ಕದು, ಕೆಲಸ ಬಿಲ್ಲಿಂಗ್ ಮಾತ್ರ, ಕಂಪನಿ ಸರ್ವಿಸ್ ಊರಿಗೇ ಬರುತ್ತೆ ಅನ್ನೋರಿಗೆ 24 ಇಂಚಿನ ಆಲ್-ಇನ್-ಒನ್ ಚೆನ್ನಾಗಿದೆ. ಡಿಸೈನ್ ಕೆಲಸ, ಒಳ್ಳೇ ಟೇಬಲ್ ಇರೋರು 27ರ ಕಡೆ ನೋಡಬಹುದು. ಆದರೆ ಒಂದೇ ಕಂಪ್ಯೂಟರ್ ನಂಬಿ ಇಡೀ ದಿನದ ದುಡಿಮೆ ನಡೆಸೋ ಆನ್‌ಲೈನ್ ಸೆಂಟರ್‌ನವರಿಗೆ, ಸರ್ವಿಸ್ ಸೆಂಟರ್ ದೂರ ಇರೋ ಹೋಬಳಿಯವರಿಗೆ ಬೇರೆ ಬೇರೆ ಸಿಪಿಯು-ಮಾನಿಟರ್ ಇರೋ ಹಳೇ ಪದ್ಧತಿಯೇ ವಾಸಿ. ಯಾವುದು ತಗೊಂಡರೂ ಅರ್ಥಿಂಗ್ ಸರಿಯಿದೆಯಾ ಅಂತ ಮೊದಲು ಎಲೆಕ್ಟ್ರಿಷಿಯನ್ ಹತ್ರ ತೋರಿಸಿ, ಸಿಡಿಲು-ಮಳೆ ಬಂದಾಗ ಪ್ಲಗ್ ತೆಗೆದಿಡಿ.