ಮೂರು ಚಾಪೆಯ ಕೋಣೆ

ಯೊಕೊಹಾಮಾ ಪ್ರವಾಸಕ್ಕೆ ಅಗ್ಗದ ಕೋಣೆ ಹುಡುಕುತ್ತಿದ್ದೆ. ಸಿಕ್ಕಿದ್ದು ಕೊತೊಬುಕಿ-ಚೋ ಎಂಬ ಕೇರಿಯಲ್ಲಿ. ಮೂರು ತತಾಮಿ ಚಾಪೆ ಹಾಸುವಷ್ಟು ಜಾಗ, ಅಂದರೆ ಸುಮಾರು 50 ಚದರಡಿ. ಇಷ್ಟು ಚಿಕ್ಕದೇಕೆ ಅಂತೀರಾ?

1859ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದ ಬಂದರು ಅದು. ಎರಡನೇ ಮಹಾಯುದ್ಧದ ನಂತರ ಅಮೆರಿಕನ್ ಸೇನೆಯ ವಶದಲ್ಲಿದ್ದ ಈ ಕೇರಿಯಲ್ಲಿ, 1950ರ ದಶಕದ ಕೊನೆಗೆ ದಿನಗೂಲಿ ಹಮಾಲರ ವಸತಿಗಳೆದ್ದವು. ಜಪಾನಿಯಲ್ಲಿ 'ಯಾದೊ' ಎಂದರೆ ತಂಗುದಾಣ. ಕುಹಕದಿಂದ ತಿರುಗಿಸಿ ಇವನ್ನು 'ದೊಯಾ' ಎಂದರು. ಕಂಟೇನರು ಬಂತು, ಕೂಲಿ ಹೋಯಿತು. ಹಮಾಲರು ಅಲ್ಲೇ ಮುದುಕರಾದರು. 'ಕೊತೊಬುಕಿ' ಎಂದರೆ ದೀರ್ಘಾಯುಷ್ಯ, ನೋಡಿ! 2000ದ ದಶಕದಲ್ಲಿ ಕೆಲವು ಖಾಲಿ ಕೋಣೆಗಳು ಪ್ರವಾಸಿಗರಿಗೆ ತೆರೆದವು.

ಮುಂಬಯಿಗೆ ಬಂದ ಹೊಸತರಲ್ಲಿ ಹೋಟೆಲಿನ ಮೇಜುಗಳನ್ನೇ ಜೋಡಿಸಿ ಮಲಗಿದವನು ನಾನು. 'ಬೇರೆ ಕಡೆ ನೋಡಿ' ಎಂದಳು ನನ್ನಾಕೆ. ಎರಡು ರಾತ್ರಿಗೆ ಅಲ್ಲೇ ಗೊತ್ತುಮಾಡಿದೆ. ಗುರುತಿನ ಮನೆ ಬಿಟ್ಟು ಬೇರೆಡೆ ಇಳಿದುಕೊಳ್ಳುವುದುಂಟೇ?